ಅಮಾಲ್ಫಿ ಕರಾವಳಿಯಲ್ಲಿ ವಿವಾಹ ವಾರ್ಷಿಕೋತ್ಸವ: ಪ್ರವಾಸ ಯೋಜನೆಯ ಕುರಿತು ಒಂದು ಸಂವಾದ

ಒಬ್ಬರು: ಇಟಲಿಯ ಕರಾವಳಿ ಉತ್ತರದ ಲಿಗೂರಿಯಾದಿಂದ ದಕ್ಷಿಣದ ಸಿಸಿಲಿಯವರೆಗೆ ಹಬ್ಬಿದೆ. ಮದುವೆಯ ವಾರ್ಷಿಕೋತ್ಸವಕ್ಕೆ ಹೊರಡುವ ದಂಪತಿಗಳ ಬಾಯಲ್ಲಿ ಮಾತ್ರ ಅಮಾಲ್ಫಿಯ ಹೆಸರು ಮೇಲಿಂದ ಮೇಲೆ ಬರುತ್ತದೆ. ಅದಕ್ಕೇನು ಕಾರಣ?

ಇನ್ನೊಬ್ಬರು: ಕಾರಣ ಅಲ್ಲಿನ ನೆಲದ ಆಕಾರದಲ್ಲೇ ಇದೆ. ನೇಪಲ್ಸ್ ನಗರದ ದಕ್ಷಿಣಕ್ಕೆ ಕಡಲೊಳಗೆ ಚಾಚಿಕೊಂಡ ಸೊರೆಂಟೊ ಪರ್ಯಾಯ ದ್ವೀಪದ ದಕ್ಷಿಣ ಮಗ್ಗುಲೇ ಅಮಾಲ್ಫಿ ಕರಾವಳಿ. ಪಶ್ಚಿಮದಲ್ಲಿ ಪೊಸಿಟಾನೊ, ಪೂರ್ವದಲ್ಲಿ ವಿಯೆಟ್ರಿ ಸುಲ್ ಮಾರೆ. ಇವೆರಡರ ನಡುವೆ ಪ್ರಯಾನೊ, ಅಮಾಲ್ಫಿ, ಅಟ್ರಾನಿ, ಮಿನೋರಿ, ಮಯೋರಿ, ಚೆಟಾರಾ ಮೊದಲಾದ ಊರುಗಳು, ಮೇಲೆ ಬೆಟ್ಟದಲ್ಲಿ ರವೆಲ್ಲೊ. ಸಾವಿರ ಮೀಟರಿಗೂ ಎತ್ತರದ ಲತ್ತಾರಿ ಬೆಟ್ಟಗಳು ಇಲ್ಲಿ ನೇರವಾಗಿ ಸಮುದ್ರಕ್ಕೆ ಇಳಿಯುತ್ತವೆ. ಬಯಲು ಎನ್ನುವುದು ಇಲ್ಲವೇ ಇಲ್ಲ ಎನ್ನಬಹುದು. ಮನೆ, ತೋಟ, ಚರ್ಚು, ದಾರಿ ಎಲ್ಲವೂ ಇಳಿಜಾರನ್ನೇ ಹಿಡಿದುಕೊಂಡಿವೆ. ಯಾವ ಕಿಟಕಿ ತೆರೆದರೂ ಕಡಲು ಕಾಣುವುದು ಇದರಿಂದಲೇ. ಹತ್ತು ಹೆಜ್ಜೆಗೊಮ್ಮೆ ಮೆಟ್ಟಿಲು ಎದುರಾಗುವುದೂ ಇದರಿಂದಲೇ.

ಒಬ್ಬರು: ಅಂದರೆ ಚೆಲುವಿಗೂ ಕಷ್ಟಕ್ಕೂ ಮೂಲ ಒಂದೇ.

ಇನ್ನೊಬ್ಬರು: ಯೋಜನೆಯ ಸೂತ್ರವೂ ಅದೇ. ಎಲ್ಲಿ ತಂಗಬೇಕು, ಯಾವ ತಿಂಗಳು ಹೋಗಬೇಕು, ಹೇಗೆ ಓಡಾಡಬೇಕು, ಸಂಜೆ ಎಲ್ಲಿ ಕೂರಬೇಕು ಎಂಬ ಪ್ರಶ್ನೆಗಳಿಗೆಲ್ಲ ಆ ಇಳಿಜಾರೇ ಉತ್ತರ ಹೇಳುತ್ತದೆ. ಅದನ್ನು ಬಿಟ್ಟು ಊರುಗಳ ಪಟ್ಟಿ ಹಿಡಿದು ಹೊರಟವರ ದಿನಗಳು ಬಸ್ಸಿನ ಸಾಲಿನಲ್ಲೇ ಕಳೆದುಹೋಗುತ್ತವೆ.

ಒಬ್ಬರು: ಮೊದಲು ತಿಂಗಳನ್ನು ನೋಡೋಣ. ವಾರ್ಷಿಕೋತ್ಸವದ ದಿನಾಂಕ ದಂಪತಿಗಳ ಕೈಯಲ್ಲಿಲ್ಲವಲ್ಲ?

ಇನ್ನೊಬ್ಬರು: ಕರ್ನಾಟಕದ ದಂಪತಿಗಳಿಗೆ ಆ ತೊಡಕು ನಿಜವಾಗಿಯೂ ಇದೆ. ಇಲ್ಲಿನ ಮುಹೂರ್ತಗಳು ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಹೆಚ್ಚು. ವೈಶಾಖದಲ್ಲಿ ಮದುವೆಯಾದವರಿಗೆ ಅದೃಷ್ಟ ಒಲಿದಂತೆಯೇ. ಏಪ್ರಿಲ್ ಕೊನೆ ಮತ್ತು ಮೇ ತಿಂಗಳು ಆ ಕರಾವಳಿಗೆ ಹೇಳಿ ಮಾಡಿಸಿದ ಕಾಲ. ಮಾಘದಲ್ಲಿ ಆದವರ ದಿನಾಂಕ ಫೆಬ್ರುವರಿಗೆ ಬೀಳುತ್ತದೆ. ಆಗ ಬಹಳಷ್ಟು ಹೋಟೆಲುಗಳು ಮುಚ್ಚಿರುತ್ತವೆ, ಊರಿಂದೂರಿಗೆ ಹೋಗುವ ಫೆರಿಗಳು ನಿಂತಿರುತ್ತವೆ, ಮಳೆಯೂ ಇರುತ್ತದೆ. ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಇಡೀ ಕರಾವಳಿ ಎಚ್ಚರವಾಗಿರುತ್ತದೆ. ಅಂಥವರು ತಾರೀಖಿನ ಪೂಜೆ, ಊಟವನ್ನು ಮನೆಯಲ್ಲಿ ಮುಗಿಸಿ ಪ್ರವಾಸವನ್ನು ಮೇಗೆ ಇಟ್ಟುಕೊಳ್ಳುವುದೇ ಸರಿ.

ಒಬ್ಬರು: ಜುಲೈ, ಆಗಸ್ಟ್?

ಇನ್ನೊಬ್ಬರು: ಆ ಎರಡು ತಿಂಗಳು ಬಿಸಿಲು, ಜನ, ಬೆಲೆ ಮೂರೂ ತುದಿ ಮುಟ್ಟುತ್ತವೆ. ಆಗಸ್ಟ್ 15 ಇಟಲಿಯಲ್ಲಿ ಫೆರಗೋಸ್ತೊ ರಜೆ. ಅದರ ಆಚೀಚೆ ಇಡೀ ದೇಶವೇ ಕಡಲತಡಿಗೆ ಬಂದಿರುತ್ತದೆ. ಮೇ, ಜೂನ್ ಮೊದಲ ಭಾಗ, ಸೆಪ್ಟೆಂಬರ್, ಅಕ್ಟೋಬರ್ ಆರಂಭ ಒಳ್ಳೆಯವು. ಬೆಟ್ಟದ ನಡಿಗೆಗೆ ಮೇ ವಾಸಿ, ಈಜಿಗೆ ಸೆಪ್ಟೆಂಬರ್ ವಾಸಿ. ಬೇಸಿಗೆಯಿಡೀ ಕಾದ ನೀರು ಆಗಲೂ ಬೆಚ್ಚಗಿರುತ್ತದೆ.

ಒಬ್ಬರು: ಅಷ್ಟು ದೂರ ಹೋಗಿ ವೆನಿಸ್, ಫ್ಲಾರೆನ್ಸ್ ನೋಡದೆ ಬರುವುದೇ ಎಂದು ಮನೆಯವರು ಕೇಳದೆ ಇರುತ್ತಾರೆಯೇ?

ಇನ್ನೊಬ್ಬರು: ಕೇಳುತ್ತಾರೆ. ಒಂದೊಂದು ಸಲ ತಂಗುದಾಣ ಬದಲಿಸಿದಾಗಲೂ ಅರ್ಧ ದಿನ ಪೆಟ್ಟಿಗೆ ಕಟ್ಟುವುದಕ್ಕೂ ರೈಲಿಗೂ ಹೋಗುತ್ತದೆ ಎಂಬುದನ್ನು ಅವರಿಗೆ ಲೆಕ್ಕ ಹಾಕಿ ತೋರಿಸಬೇಕು. ಒಂದು ವಾರದ ರಜೆಯಲ್ಲಿ ಕರಾವಳಿಗೆ ನಾಲ್ಕೈದು ರಾತ್ರಿ, ರೋಮಿಗೋ ನೇಪಲ್ಸಿಗೋ ಉಳಿದವು, ಇಷ್ಟೇ ಹಿಡಿಸುತ್ತದೆ. ಇದು ಇಬ್ಬರು ಒಟ್ಟಿಗೆ ಇರಲೆಂದು ಹೋಗುವ ಪ್ರವಾಸ. ನೋಡಿದ ಊರುಗಳ ಸಂಖ್ಯೆ ಇಲ್ಲಿ ಮುಖ್ಯವಲ್ಲ.

ಒಬ್ಬರು: ವೀಸಾ ಕೆಲಸ ಯಾವಾಗ ಶುರುವಾಗಬೇಕು?

ಇನ್ನೊಬ್ಬರು: ಇಟಲಿ ಷೆಂಗೆನ್ ಒಕ್ಕೂಟದ ದೇಶ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡವಾಗಬಾರದು. ಬೇಸಿಗೆಯಲ್ಲಿ ಅರ್ಜಿ ಸಲ್ಲಿಸುವ ದಿನವೇ ಸುಲಭವಾಗಿ ಸಿಗುವುದಿಲ್ಲ, ಆದ್ದರಿಂದ ಮೂರು ತಿಂಗಳ ಅಂತರ ಇಟ್ಟುಕೊಳ್ಳುವುದು ಕ್ಷೇಮ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಷೆಂಗೆನ್ ಪ್ರದೇಶದಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟಿನ ಅವಧಿ 3 ತಿಂಗಳು ಉಳಿದಿರಬೇಕು. ಹಲವು ದೇಶ ಸುತ್ತುವುದಾದರೆ ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. ವೀಸಾ ಕೈಗೆ ಬರುವವರೆಗೆ, ರದ್ದು ಮಾಡಿದರೆ ಹಣ ಹಿಂದಿರುಗಿಸುವ ಹೋಟೆಲನ್ನೇ ಕಾದಿರಿಸಬೇಕು.

ಒಬ್ಬರು: ಕರಾವಳಿಯನ್ನು ತಲುಪುವ ದಾರಿ ಯಾವುದು?

ಇನ್ನೊಬ್ಬರು: ಬೆಂಗಳೂರಿನಿಂದ ನೇಪಲ್ಸಿಗೆ ನೇರ ವಿಮಾನವಿಲ್ಲ, ಕೊಲ್ಲಿಯ ಅಥವಾ ಯುರೋಪಿನ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸಬೇಕು. ರೋಮಿನಲ್ಲಿ ಇಳಿದು ವೇಗದ ರೈಲು ಹಿಡಿದರೆ ನೇಪಲ್ಸ್ ಸುಮಾರು ಒಂದು ಗಂಟೆ ಹತ್ತು ನಿಮಿಷದ ದಾರಿ. ಮುಂದೆ ಎರಡು ಬಾಗಿಲುಗಳಿವೆ. ಪಶ್ಚಿಮದ ಬಾಗಿಲು ಸೊರೆಂಟೊ. ನೇಪಲ್ಸಿನಿಂದ ಪೊಂಪೈ ಹಾದು ಬರುವ ಸ್ಥಳೀಯ ರೈಲು ಅಲ್ಲಿಗೆ ಮುಗಿಯುತ್ತದೆ, ಆಮೇಲೆ ಬಸ್ಸು. ಪೂರ್ವದ ಬಾಗಿಲು ಸಲೆರ್ನೊ. ವೇಗದ ರೈಲು ಅಲ್ಲಿಯವರೆಗೂ ಹೋಗುತ್ತದೆ, ನಿಲ್ದಾಣದಿಂದ ಧಕ್ಕೆಗೆ ಸ್ವಲ್ಪವೇ ನಡಿಗೆ, ಅಲ್ಲಿಂದ ಅಮಾಲ್ಫಿಗೆ ಫೆರಿಯಲ್ಲಿ ಅರ್ಧ ಗಂಟೆಯ ಮೇಲೆ ಚೂರು. ಸಲೆರ್ನೊದ ವಿಮಾನ ನಿಲ್ದಾಣ 2024ರ ಜುಲೈನಲ್ಲಿ ಪ್ರಯಾಣಿಕರ ವಿಮಾನಗಳಿಗೆ ಮತ್ತೆ ತೆರೆದುಕೊಂಡಿದೆ. ಪ್ರವಾಸಿಗಳಲ್ಲಿ ಹೆಚ್ಚಿನವರು ಸೊರೆಂಟೊ ಕಡೆ ನುಗ್ಗುತ್ತಾರೆ. ಲಗೇಜು ಇರುವವರಿಗೆ ಸಲೆರ್ನೊ ದಾರಿಯೇ ಹಗುರ.

ಒಬ್ಬರು: ಕಾರು ಬಾಡಿಗೆಗೆ ತೆಗೆದುಕೊಂಡು ಕಡಲ ದಾರಿಯಲ್ಲಿ ಇಬ್ಬರೇ ಹೋಗುವ ದೃಶ್ಯವನ್ನು ಸಿನಿಮಾಗಳು ತೋರಿಸುತ್ತವಲ್ಲ?

ಇನ್ನೊಬ್ಬರು: ಎದುರಿಗೆ ಬಸ್ಸು ಬಂದಾಗ ಹಿಂದೆ ಸರಿಯುವ ಪಾಡನ್ನು ಅವು ತೋರಿಸುವುದಿಲ್ಲ. ಆ ರಸ್ತೆಯ ಸಂಖ್ಯೆ 163. ಬೂರ್ಬನ್ ದೊರೆಗಳ ಕಾಲದಲ್ಲಿ, 19ನೇ ಶತಮಾನದ ಮೊದಲ ಅರ್ಧದಲ್ಲಿ, ಕುದುರೆಗಾಡಿಗಳ ಕಾಲದ ಅಗಲಕ್ಕೆ ಬಂಡೆ ಕಡಿದು ಮಾಡಿದ್ದು. ಆಗುಂಬೆ ಘಾಟಿಯನ್ನು ಕಡಲಿನ ಅಂಚಿಗೆ ತಂದು ಹತ್ತಾರು ಕಿಲೋಮೀಟರ್ ಎಳೆದರೆ ಹೇಗೋ ಹಾಗಿದೆ. ದಟ್ಟಣೆಯ ದಿನಗಳಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ಹಗಲಿನಲ್ಲಿ ಹೊರಗಿನ ಕಾರುಗಳನ್ನು ಬಿಡುವ ನಿಯಮವಿದೆ. ಪಾರ್ಕಿಂಗ್ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಭಾರತದ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಮುಖ್ಯವಾಗಿ, ಸ್ಟೀರಿಂಗ್ ಹಿಡಿದವರಿಗೆ ಕಡಲು ಕಾಣುವುದೇ ಇಲ್ಲ.

ಒಬ್ಬರು: ಹಾಗಾದರೆ ಬಸ್ಸೇ ಗತಿ?

ಇನ್ನೊಬ್ಬರು: ಬಸ್ಸು ಅಗ್ಗ, ಆದರೆ ಬೇಸಿಗೆಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಹತ್ತುವ ಮೊದಲೇ ತಂಬಾಕಿನ ಅಂಗಡಿಗಳಲ್ಲಿ ಟಿಕೆಟ್ ಕೊಂಡಿಟ್ಟುಕೊಳ್ಳುವುದು ರೂಢಿ. ಸೊರೆಂಟೊದಿಂದ ಅಮಾಲ್ಫಿಗೆ ಹೋಗುವಾಗ ಬಲಗಡೆಯ ಸೀಟಿಗೂ, ಸಲೆರ್ನೊದಿಂದ ಬರುವಾಗ ಎಡಗಡೆಯ ಸೀಟಿಗೂ ಕಡಲು ಕಾಣುತ್ತದೆ. ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಬೇಕು. ಉತ್ತಮ ವಾಹನವೆಂದರೆ ಫೆರಿ. ಸಲೆರ್ನೊ, ಅಮಾಲ್ಫಿ, ಪೊಸಿಟಾನೊಗಳನ್ನು ಅದು ಜೋಡಿಸುತ್ತದೆ. ಟ್ರಾಫಿಕ್ ಜಾಮ್ ಇಲ್ಲ, ಇಡೀ ಬೆಟ್ಟದ ಸಾಲು ಒಂದೇ ನೋಟಕ್ಕೆ ಸಿಗುತ್ತದೆ. ಎರಡು ಎಚ್ಚರಿಕೆಗಳು ಸಾಕು. ದೊಡ್ಡ ಪೆಟ್ಟಿಗೆಗೆ ಪ್ರತ್ಯೇಕ ಹಣ ಕೇಳುತ್ತಾರೆ. ಕಡಲು ಕೆರಳಿದ ದಿನ ಫೆರಿ ಹೊರಡುವುದಿಲ್ಲ. ಎರಡನೆಯದಕ್ಕಾಗಿ ಬಸ್ಸಿನ ವೇಳೆಯನ್ನೂ ತಿಳಿದಿಟ್ಟುಕೊಂಡಿರಬೇಕು.

ಒಬ್ಬರು: ತಂಗುವ ಊರು? ಚಿತ್ರಗಳಲ್ಲಿ ಕಾಣುವ ಪೊಸಿಟಾನೊವನ್ನೇ ಎಲ್ಲರೂ ಬಯಸುತ್ತಾರೆ.

ಇನ್ನೊಬ್ಬರು: ಪೊಸಿಟಾನೊ ದೂರದಿಂದ ನೋಡಲು ಬಹಳ ಚೆಂದ. ಗುಲಾಬಿ, ಹಳದಿ, ಬಿಳಿ ಮನೆಗಳು ಬೆಟ್ಟದಿಂದ ಕಡಲಿಗೆ ಇಳಿದಿವೆ. ತಳದಲ್ಲಿ ಬಣ್ಣದ ಮಯೋಲಿಕಾ ಬಿಲ್ಲೆಗಳ ಗುಮ್ಮಟ ಹೊತ್ತ ಸಾಂತಾ ಮರಿಯಾ ಅಸ್ಸುಂತಾ ಚರ್ಚು. ಒಂದು ಕಾಲದಲ್ಲಿ ಅದು ಬಡ ಮೀನುಗಾರರ ಊರು. ಜಾನ್ ಸ್ಟೈನ್‌ಬೆಕ್ 1953ರಲ್ಲಿ ಹಾರ್ಪರ್ಸ್ ಬಜಾರ್ ಪತ್ರಿಕೆಗೆ ಬರೆದ ಲೇಖನದಿಂದ ಅದರ ಹೆಸರು ಅಮೆರಿಕದಲ್ಲಿ ಹರಡಿತು. ಈಗ ಅದು ಇಡೀ ಕರಾವಳಿಯಲ್ಲೇ ದುಬಾರಿ ಊರುಗಳಲ್ಲೊಂದು. ಹೊರಊರಿನ ಬಸ್ಸು ಮೇಲಿನ ರಸ್ತೆಯಲ್ಲೇ ನಿಲ್ಲುತ್ತದೆ. ಕೆಳಗೆ ಇಳಿಯುವುದು ಮೆಟ್ಟಿಲಲ್ಲಿ. ಪೆಟ್ಟಿಗೆ ಹೊರಲು ಹಮಾಲರು ಸಿಗುತ್ತಾರೆ, ಕೂಲಿ ಕೊಡಬೇಕು. ಹೋಟೆಲ್ ಕಾದಿರಿಸುವ ಮುನ್ನ ರಸ್ತೆಯಿಂದ ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯೇ ಎಂದು ಬರೆದು ಕೇಳುವುದು ಒಳ್ಳೆಯದು. ಇಬ್ಬರಲ್ಲಿ ಯಾರ ಮೊಣಕಾಲು ಸೋತಿದೆಯೋ ಅವರ ಲೆಕ್ಕದಲ್ಲೇ ಊರನ್ನು ಆರಿಸಬೇಕು.

ಒಬ್ಬರು: ಮೊಣಕಾಲು ನೋಯುವವರಿಗೆ ಯಾವ ಊರು?

ಇನ್ನೊಬ್ಬರು: ಮಿನೋರಿ ಅಥವಾ ಮಯೋರಿ. ಕಣಿವೆಯ ಬಾಯಲ್ಲಿರುವ ಇವುಗಳಲ್ಲಿ ಸಮತಟ್ಟಾದ ಬೀದಿಗಳಿವೆ, ಬೆಲೆಯೂ ಕಡಿಮೆ. ಮಯೋರಿಯದು ಈ ಕರಾವಳಿಯ ಅತಿ ಉದ್ದದ ಕಡಲತಡಿ. ಓಡಾಟಕ್ಕೆ ಅನುಕೂಲ ಬೇಕಾದವರಿಗೆ ಅಮಾಲ್ಫಿ; ಬಸ್ಸು, ಫೆರಿ ಎರಡೂ ಒಂದೇ ಚೌಕದ ಬಳಿ ಸಿಗುತ್ತವೆ. ಸದ್ದಿಲ್ಲದ ಜಾಗ ಬೇಕಾದವರಿಗೆ ಸುಮಾರು 350 ಮೀಟರ್ ಎತ್ತರದ ರವೆಲ್ಲೊ. ಅಲ್ಲಿ ಕಡಲು ಕಣ್ಣಿಗಷ್ಟೇ, ಕಾಲಿಗೆ ತಾಕುವುದಿಲ್ಲ. ಸಂಜೆಯ ಬಿಸಿಲಿಗೆ ಪ್ರಯಾನೊ. ಒಟ್ಟಿನಲ್ಲಿ ಒಂದೇ ಊರಿನಲ್ಲಿ ನೆಲೆ ನಿಂತು ಉಳಿದವುಗಳಿಗೆ ಹೋಗಿ ಬರಬೇಕು.

ಒಬ್ಬರು: ಸಂಜೆಯ ಬಿಸಿಲಿಗೂ ಊರಿಗೂ ಏನು ಸಂಬಂಧ? ಸೂರ್ಯಾಸ್ತ ಎಲ್ಲ ಕಡೆ ಒಂದೇ ಅಲ್ಲವೇ?

ಇನ್ನೊಬ್ಬರು: ಅಲ್ಲ. ಈ ಕರಾವಳಿಯ ಮುಖ ದಕ್ಷಿಣಕ್ಕೆ. ಆದ್ದರಿಂದ ಸೂರ್ಯ ಕಡಲಿನಲ್ಲಿ ಮುಳುಗುವ ಬದಲು ಬಹಳ ಕಡೆ ಬೆಟ್ಟದ ಹಿಂದೆ ಮರೆಯಾಗುತ್ತಾನೆ. ಕಣಿವೆಯೊಳಗಿನ ಅಮಾಲ್ಫಿ ಊರಿಗೆ ನೆರಳು ಬೇಗ ಬರುತ್ತದೆ. ಪಶ್ಚಿಮಕ್ಕೆ ತೆರೆದುಕೊಂಡ ಪ್ರಯಾನೊದ ಇಳಿಜಾರಿನಲ್ಲಿ ಬಿಸಿಲು ಕೊನೆಯವರೆಗೂ ಉಳಿಯುತ್ತದೆ. ಕೆಳಗಿನ ಗವಿಟೆಲ್ಲಾ ಕಡಲತಡಿ ಅದಕ್ಕೇ ಹೆಸರಾಗಿದೆ. ರವೆಲ್ಲೊದ ಕಟ್ಟೆಗಳು ಮಿನೋರಿ, ಮಯೋರಿಗಳ ಕಡೆಗೆ, ಅಂದರೆ ಪೂರ್ವಕ್ಕೆ ನೋಡುತ್ತವೆ. ಅಲ್ಲಿನ ಹೊತ್ತು ಬೆಳಗು. ಆ ಊರಿನ ಸಂಗೀತೋತ್ಸವದಲ್ಲಿ ಆಗಸ್ಟ್ ನಡುವೆ ನಸುಕಿನ ಕಚೇರಿಯೊಂದನ್ನು ಇಡುವುದಕ್ಕೂ ಈ ನೋಟವೇ ಹಿನ್ನೆಲೆ. ಸೂರ್ಯೋದಯಕ್ಕೆ ರವೆಲ್ಲೊ, ಸೂರ್ಯಾಸ್ತಕ್ಕೆ ಪ್ರಯಾನೊ ಎಂದು ನೆನಪಿಟ್ಟುಕೊಂಡರೆ ವಿಶೇಷ ದಿನದ ಅರ್ಧ ಯೋಜನೆ ಮುಗಿದಂತೆ.

ಒಬ್ಬರು: ರವೆಲ್ಲೊದಲ್ಲಿ ನೋಡಬೇಕಾದ್ದು ಏನೇನು?

ಇನ್ನೊಬ್ಬರು: ಎರಡು ಉದ್ಯಾನಗಳು. ವಿಲ್ಲಾ ರುಫೊಲೊ 13ನೇ ಶತಮಾನದ ವ್ಯಾಪಾರಿ ಮನೆತನದ್ದು. ಕತೆಗಾರ ಬೊಕಾಚಿಯೊ ತನ್ನ ‘ಡೆಕಾಮೆರಾನ್’ನಲ್ಲಿ ಕಡಲಲ್ಲಿ ಎಲ್ಲ ಕಳೆದುಕೊಂಡು ಮತ್ತೆ ಸಿರಿವಂತನಾಗುವ ಲಾಂಡೊಲ್ಫೊ ರುಫೊಲೊನ ಕತೆ ಹೇಳಿದ್ದಾನೆ. ಪಾಳುಬಿದ್ದಿದ್ದ ಮನೆಯನ್ನು 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಫ್ರಾನ್ಸಿಸ್ ನೆವಿಲ್ ರೀಡ್ ಕೊಂಡು ದುರಸ್ತಿ ಮಾಡಿಸಿದ. 1880ರ ಮೇ 26ರಂದು ಇಲ್ಲಿಗೆ ಬಂದ ರಿಚರ್ಡ್ ವಾಗ್ನರ್, ತನ್ನ ‘ಪಾರ್ಸಿಫಲ್’ ಸಂಗೀತ ನಾಟಕದ ಮಾಂತ್ರಿಕ ಕ್ಲಿಂಗ್ಸರ್‌ನ ತೋಟವನ್ನು ಇಲ್ಲಿ ಕಂಡೆನೆಂದ. 1953ರಿಂದ ಬೆಳೆದು ಬಂದ ಸಂಗೀತೋತ್ಸವದ ಬೇರು ಅದೇ ಭೇಟಿ. ಕಚೇರಿಗೆ ಮರದ ವೇದಿಕೆಯನ್ನು ಪ್ರಪಾತದ ಮೇಲೆ ಚಾಚಿದಂತೆ ಕಟ್ಟುತ್ತಾರೆ. ವಾದ್ಯಗಾರರ ಬೆನ್ನ ಹಿಂದೆ ಒಂದು ಛತ್ರಿ ಪೈನ್ ಮರ, ಅದರ ಕೆಳಗೆ ಚರ್ಚೊಂದರ ಅವಳಿ ಗುಮ್ಮಟಗಳು, ಆಮೇಲೆ ಬರೀ ನೀರು. ಇನ್ನೊಂದು ಉದ್ಯಾನ ವಿಲ್ಲಾ ಚಿಂಬ್ರೋನೆ. 1904ರಲ್ಲಿ ಅದನ್ನು ಕೊಂಡ ಇಂಗ್ಲಿಷ್ ಗೃಹಸ್ಥ ಅರ್ನೆಸ್ಟ್ ಬೆಕೆಟ್ ಈಗಿನ ರೂಪ ಕೊಡಿಸಿದ. ಅದರ ಅಂಚಿನಲ್ಲಿ ಅಮೃತಶಿಲೆಯ ಅರ್ಧಪ್ರತಿಮೆಗಳು ಸಾಲಾಗಿ ನಿಂತ ಕಟ್ಟೆಯಿದೆ.

ಒಬ್ಬರು: ಅಮಾಲ್ಫಿ ಊರಿಗೆ ಅರ್ಧ ದಿನ ಸಾಕೇ?

ಇನ್ನೊಬ್ಬರು: ಚೌಕ ಮತ್ತು ಚರ್ಚನ್ನಷ್ಟೇ ನೋಡುವವರಿಗೆ ಸಾಕು. ಆ ಪುಟ್ಟ ಊರು 839ರಲ್ಲಿ ಸ್ವತಂತ್ರವಾಗಿ, ಮೆಡಿಟರೇನಿಯನ್ ಉದ್ದಗಲಕ್ಕೂ ವ್ಯಾಪಾರ ನಡೆಸಿದ ಕಡಲ ಗಣರಾಜ್ಯ. 1135 ಮತ್ತು 1137ರಲ್ಲಿ ಪಿಸಾದವರು ಅದನ್ನು ಕೊಳ್ಳೆ ಹೊಡೆದರು. 1343ರಲ್ಲಿ ಕಡಲೇ ಮೇಲೇರಿ ಊರಿನ ಕೆಳಭಾಗವನ್ನು ನುಂಗಿತು. ಅಳಿದುಳಿದ ವೈಭವ ಸಂತ ಆಂಡ್ರ್ಯೂ ಹೆಸರಿನ ಪ್ರಧಾನ ಚರ್ಚಿನಲ್ಲಿದೆ. ಅದರ ಕಂಚಿನ ಬಾಗಿಲನ್ನು 11ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಎರಕ ಹೊಯ್ದು ತರಲಾಯಿತು. ಸಂತನ ಅಸ್ಥಿಗಳು 1208ರಲ್ಲಿ ಅಲ್ಲಿಂದಲೇ ಬಂದವು. ಊರಿನ ಮೇಲ್ತುದಿಯ ಗಿರಣಿಗಳ ಕಣಿವೆಯಲ್ಲಿ ಹಳೆಯ ಕಾಗದದ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. ಹೊಳೆಯ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಮರದ ಕೊಡತಿಗಳನ್ನೆತ್ತಿ ಕಲ್ಲಿನ ತೊಟ್ಟಿಯಲ್ಲಿನ ಚಿಂದಿಬಟ್ಟೆಯನ್ನು ಕುಟ್ಟುತ್ತದೆ, ಆ ಹಿಟ್ಟನ್ನು ಜರಡಿಯಲ್ಲಿ ಎತ್ತಿದರೆ ಒಂದು ಹಾಳೆ. ದಪ್ಪನೆಯ ಅಂಚು ಹರಕಲಾದ ಈ ಕಾಗದದಲ್ಲಿ ಇಂದಿಗೂ ಮದುವೆಯ ಕರೆಯೋಲೆ ಅಚ್ಚು ಹಾಕಿಸುತ್ತಾರೆ; ವಾರ್ಷಿಕೋತ್ಸವದ ಉಡುಗೊರೆಗೆ ಇದಕ್ಕಿಂತ ಹಗುರಾದದ್ದು, ಒಪ್ಪುವಂಥದ್ದು ಇಲ್ಲ. ಹತ್ತು ನಿಮಿಷ ನಡೆದರೆ ಅಟ್ರಾನಿ. ವಿಸ್ತೀರ್ಣದಲ್ಲಿ ಇಟಲಿಯ ಅತಿ ಚಿಕ್ಕ ಪುರಸಭೆ ಅದು. ಅಮಾಲ್ಫಿಯ ಗದ್ದಲ ಅಲ್ಲಿಗೆ ಅಷ್ಟಾಗಿ ದಾಟುವುದಿಲ್ಲ.

ಒಬ್ಬರು: ನಡಿಗೆ ಇಷ್ಟಪಡುವ ಜೋಡಿಗೆ?

ಇನ್ನೊಬ್ಬರು: ದೇವತೆಗಳ ದಾರಿ ಎಂಬ ಹೆಸರಿನ ಕಾಲುದಾರಿ ಇದೆ. ಅಜೆರೊಲಾದ ಬೊಮೆರಾನೊ ಊರಿನಿಂದ ಪೊಸಿಟಾನೊ ಮೇಲಿನ ನೊಚೆಲ್ಲೆವರೆಗೆ ಆರೇಳು ಕಿಲೋಮೀಟರ್, ಸುಮಾರು ಮೂರು ಗಂಟೆ. ಈ ದಿಕ್ಕಿನಲ್ಲೇ ನಡೆಯಬೇಕು. ಆಗ ಇಳಿತ ಹೆಚ್ಚು, ಕಡಲು ಮುಂದೆಯೇ ಇರುತ್ತದೆ. ಬೊಮೆರಾನೊವರೆಗೆ ಅಮಾಲ್ಫಿಯಿಂದ ಬಸ್ಸಿದೆ. ನೊಚೆಲ್ಲೆಯಿಂದ ಕೆಳಗಿನ ರಸ್ತೆಗೆ ಸಾವಿರದೈನೂರಕ್ಕೂ ಹೆಚ್ಚು ಮೆಟ್ಟಿಲು. ಬೇಡವಾದರೆ ಊರಿನ ಸಣ್ಣ ಬಸ್ಸಿದೆ. ಮುಂಜಾನೆ ಹೊರಡಬೇಕು, ನೀರು ಮತ್ತು ಒಳ್ಳೆಯ ಬೂಟು ಬೇಕು. ಸುಲಭದ್ದು ಬೇಕೆಂದರೆ ಮಯೋರಿ ಮತ್ತು ಮಿನೋರಿ ನಡುವಿನ ನಿಂಬೆ ದಾರಿ. ಕಡಿದಾದ ಬೆಟ್ಟಕ್ಕೆ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ತೋಟ ಮಾಡಿ, ಚೆಸ್ಟ್‌ನಟ್ ಮರದ ಕಂಬಗಳ ಚಪ್ಪರಕ್ಕೆ ನಿಂಬೆಯನ್ನು ಹಬ್ಬಿಸಿದ್ದಾರೆ. ಯಂತ್ರ ಹೋಗದ ಜಾಗಗಳಲ್ಲಿ ಕೊಯ್ದ ಹಣ್ಣನ್ನು ಹೆಗಲ ಮೇಲೆಯೇ ಇಳಿಸಬೇಕು. 1997ರಲ್ಲಿ ಯುನೆಸ್ಕೊ ಈ ಕರಾವಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪ್ರಕೃತಿಯ ಜೊತೆ ಈ ಮನುಷ್ಯ ದುಡಿಮೆಯನ್ನೂ ಗಣಿಸಿ, ಸಾಂಸ್ಕೃತಿಕ ಭೂದೃಶ್ಯವೆಂದೇ ಹೆಸರಿಸಿತು.

ಒಬ್ಬರು: ಊಟದ ವಿಷಯ? ಸಸ್ಯಾಹಾರಿಗಳಾದರೆ?

ಇನ್ನೊಬ್ಬರು: ಉಪವಾಸ ಬೀಳುವುದಿಲ್ಲ. ನೇಪಲ್ಸ್ ಸೀಮೆಯ ಮಾರ್ಗರೀಟಾ ಪಿಜ್ಜಾ, ಟೊಮೆಟೊ ಪಾಸ್ತಾ, ಕಾಪ್ರೇಸೆ ಸಲಾಡು, ಬದನೆಕಾಯಿಯ ಪದರು ಪದರಾದ ಪಾರ್ಮಿಜಾನಾ ಎಲ್ಲ ಕಡೆ ಸಿಗುತ್ತವೆ. ಎರಡು ಕಡೆ ಎಚ್ಚರ ಬೇಕು. ಚೆಟಾರಾ ಊರಿನ ಹೆಸರಾಂತ ಕೊಲಾತುರಾ ನೋಡಲು ತಿಳಿಯಾದ ಕಂದು ಸಾರು, ನಿಜಕ್ಕೆ ಉಪ್ಪಿನಲ್ಲಿ ಹುದುಗಿಸಿದ ಆಂಚೊವಿ ಮೀನಿನ ರಸ. ಪಾಸ್ತಾಕ್ಕೆ ಬೆರೆತರೆ ಕಣ್ಣಿಗೆ ಕಾಣುವುದಿಲ್ಲ. ಪಾರ್ಮಿಜಾನೊ ರೆಜಿಯಾನೊ ಚೀಸನ್ನು ಕರುವಿನ ಜಠರದ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಕಟ್ಟುನಿಟ್ಟಿನವರು ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’, ಮಾಂಸ ಬೇಡ, ಮೀನು ಬೇಡ ಎಂದು ಮೊದಲೇ ಹೇಳಿಬಿಡಬೇಕು. ಸಿಹಿಗೆ ನಿಂಬೆ ಕೆನೆ ತುಂಬಿದ ಡೆಲಿಜಿಯಾ. ಇಲ್ಲಿನ ಸ್ಫುಸಾಟೊ ನಿಂಬೆ ಉದ್ದಕ್ಕೆ, ಮೊನಚಾಗಿ, ದಪ್ಪ ಸಿಪ್ಪೆಯಿಂದ ಕೂಡಿರುತ್ತದೆ. ಲಿಮೊನ್‌ಚೆಲ್ಲೊ ಮದ್ಯಕ್ಕೆ ಬೇಕಾಗುವುದು ಆ ಸಿಪ್ಪೆಯೇ.

ಒಬ್ಬರು: ಬಿಲ್ಲಿನಲ್ಲಿ ಕೇಳದ ಬಾಬತ್ತುಗಳು ಇರುತ್ತವೆಯೇ?

ಇನ್ನೊಬ್ಬರು: ಕೊಪೆರ್ತೊ ಎಂಬ ತಲಾವಾರು ಮೇಜಿನ ಹಣ ಇರುತ್ತದೆ; ಅದು ಮೋಸವಲ್ಲ, ಮೆನುವಿನಲ್ಲೇ ಬರೆದಿರುತ್ತಾರೆ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಕಡಿಮೆ, ಕೂತು ಕುಡಿದರೆ ಹೆಚ್ಚು. ಹೋಟೆಲಿನಲ್ಲಿ ರೂಮಿನ ಬಾಡಿಗೆಯಲ್ಲದೆ ತಲೆಗಿಷ್ಟು, ರಾತ್ರಿಗಿಷ್ಟು ಎಂದು ಊರಿನ ತೆರಿಗೆ ಕೊಡಬೇಕು. ಕಡಲತಡಿಯಲ್ಲಿ ಕುರ್ಚಿ, ಕೊಡೆ ಇಟ್ಟ ಭಾಗಕ್ಕೆ ಬಾಡಿಗೆ. ಉಚಿತ ಭಾಗ ಚಿಕ್ಕದು. ಮರಳಿಗಿಂತ ಉರುಟುಕಲ್ಲು ಹೆಚ್ಚಾದ್ದರಿಂದ ನೀರಿಗಿಳಿಯುವ ಚಪ್ಪಲಿ ಇರಲಿ.

ಒಬ್ಬರು: ಇನ್ನು ಆ ಒಂದು ದಿನ. ವಾರ್ಷಿಕೋತ್ಸವದ ದಿನವನ್ನು ಹೇಗೆ ಹೊಂದಿಸಬೇಕು?

ಇನ್ನೊಬ್ಬರು: ಪ್ರವಾಸದ ಮೊದಲ ದಿನವೂ ಆಗಬಾರದು, ಕೊನೆಯ ದಿನವೂ ಆಗಬಾರದು. ವಿಮಾನದ ದಣಿವು ಇಳಿದು, ಊರಿನ ಮೆಟ್ಟಿಲುಗಳು ಪರಿಚಯವಾದ ಮೂರನೆಯ ದಿನ ಸೂಕ್ತ. ಬೆಳಗ್ಗೆ ದೋಣಿ. ಗೊತ್ಸೊ ಎಂಬ ಈ ಸೀಮೆಯ ಮರದ ದೋಣಿಯನ್ನು ಚಾಲಕನ ಸಮೇತ ಅರ್ಧ ದಿನಕ್ಕೆ ಬಾಡಿಗೆಗೆ ಕೊಡುತ್ತಾರೆ. ಪೊಸಿಟಾನೊ ಎದುರಿಗೆ ಲಿ ಗಲ್ಲಿ ಎಂಬ ಮೂರು ನಡುಗಡ್ಡೆಗಳಿವೆ. ಹಾಡಿ ನಾವಿಕರನ್ನು ಸೆಳೆಯುತ್ತಿದ್ದ ಸೈರನ್‌ಗಳ ನೆಲೆ ಅದೆಂದು ಪುರಾಣ. ನರ್ತಕ ರುಡಾಲ್ಫ್ ನುರೆಯೆವ್ ಅವನ್ನು ಕೊಂಡಿದ್ದ. ಖಾಸಗಿ ಆಸ್ತಿಯಾದ್ದರಿಂದ ಹತ್ತಲು ಬಿಡುವುದಿಲ್ಲ, ಸುತ್ತ ಈಜಬಹುದು. ಮಧ್ಯಾಹ್ನ ನಿದ್ದೆಗೆ ಬಿಟ್ಟಿರಬೇಕು, ಏಕೆಂದರೆ ಸಂಜೆಯ ಊಟ ತಡ.

ಒಬ್ಬರು: ಕಡಲು ಕಾಣುವ ಮೇಜು, ಸೂರ್ಯಾಸ್ತ, ಊಟ ಮೂರೂ ಒಟ್ಟಿಗೆ ಸಿಗುತ್ತವೆಯೇ?

ಇನ್ನೊಬ್ಬರು: ತಿಂಗಳ ಮೇಲೆ ನಿಂತಿದೆ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಎಂಟೂವರೆ. ಊಟದ ಹೊತ್ತಿಗೆ ಸರಿಹೋಗುತ್ತದೆ. ಸೆಪ್ಟೆಂಬರ್ ನಡುವಿಗೆ ಏಳು ದಾಟುತ್ತಲೇ ಮುಳುಗುತ್ತಾನೆ, ಹೋಟೆಲುಗಳ ಅಡುಗೆಮನೆ ಆಗಿನ್ನೂ ಸಜ್ಜಾಗಿರುವುದಿಲ್ಲ. ಆಗ ಪ್ರಯಾನೊದಲ್ಲಿ ಪಾನೀಯ, ಕುರುಕಲು ಹಿಡಿದು ಸೂರ್ಯಾಸ್ತ ನೋಡಿ, ಊಟವನ್ನು ತಂಗಿದ ಊರಿನಲ್ಲೇ ಮಾಡುವುದು ಜಾಣತನ. ರಾತ್ರಿ ಬಸ್ಸುಗಳು ವಿರಳ, ಟ್ಯಾಕ್ಸಿ ದುಬಾರಿ. ಮೇಜು ಕಾದಿರಿಸುವಾಗ ವಾರ್ಷಿಕೋತ್ಸವವೆಂದೂ, ಅಂಚಿನ ಮೇಜೇ ಬೇಕೆಂದೂ ಬರೆದು ತಿಳಿಸಬೇಕು.

ಒಬ್ಬರು: ಹಿಂತಿರುಗುವ ದಿನಕ್ಕೆ ವಿಶೇಷ ಎಚ್ಚರಿಕೆ ಏನಾದರೂ?

ಇನ್ನೊಬ್ಬರು: ವಿಮಾನದ ದಿನ ಬೆಳಗ್ಗೆ ಕರಾವಳಿಯಲ್ಲಿ ಇರಬಾರದು. ಕಡಲಂಚಿನಲ್ಲಿ ಇರುವುದು ಒಂದೇ ರಸ್ತೆ. ಒಂದು ಅಪಘಾತವಾದರೆ ಗಂಟೆಗಟ್ಟಲೆ ನಿಲ್ಲುತ್ತದೆ, ಕಡಲು ಕೆರಳಿದರೆ ಫೆರಿಯೂ ಇಲ್ಲ. ಕೊನೆಯ ರಾತ್ರಿಯನ್ನು ಸಲೆರ್ನೊದಲ್ಲೋ ನೇಪಲ್ಸಿನಲ್ಲೋ ಕಳೆಯಬೇಕು. ಸಲೆರ್ನೊದಲ್ಲಿ ಉಳಿದವರು ರೈಲಿನಲ್ಲಿ ಪೆಸ್ತಮ್‌ಗೆ ಹೋಗಿ ಗ್ರೀಕರು ಕಟ್ಟಿದ ಮೂರು ದೇವಾಲಯಗಳನ್ನು ನೋಡಬಹುದು. ನೇಪಲ್ಸಿನಲ್ಲಿ ಉಳಿದವರಿಗೆ ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತ ಪೊಂಪೈ ಇದೆ. ಎರಡೂ ಬಯಲಿನ ಜಾಗಗಳು. ಮೆಟ್ಟಿಲು ಹತ್ತಿ ಇಳಿದ ಕಾಲುಗಳಿಗೆ ಕೊನೆಯ ದಿನ ಅದೇ ಹಿತ.